ಅರೆಕಾಲಿಕರ ಐದನೇ ಗಂಟೆ

ನಮ್ಮ ವಿಮರ್ಶೆ ಇಷ್ಟು ದಿನ ಕವಿತೆ ಓದಿತು, ಕತೆ ಓದಿತು, ಕಾದಂಬರಿ ಓದಿತು. ಪುರಾಣಗಳ ಹೊಟ್ಟೆ ಬಗೆದು ಒಳಗೆ ಎಷ್ಟು ವಿಷ ಇದೆ ಅಂತ ತೋರಿಸಿತು. ಅದೆಲ್ಲ ಆಗಬೇಕಾದ ಕೆಲಸವೇ. ಆದರೆ ನಮ್ಮ ಜನರ ಅನ್ನದ ತಟ್ಟೆಗೇ ಕೈ ಹಾಕುವ ಇನ್ನೊಂದು ಸಾಹಿತ್ಯ ಇದೆ. ಸರ್ಕಾರಿ ಆದೇಶ, ಸುತ್ತೋಲೆ, ನೇಮಕಾತಿ ಪತ್ರ, ಕೋರ್ಟಿನ ತೀರ್ಪು ಇವು ಆ ಸಾಹಿತ್ಯದ ಪ್ರಕಾರಗಳು. ಒಂದು ಕವನ ಸಂಕಲನ ಬಂದರೆ ಹತ್ತು ಜನ ವಿಮರ್ಶಕರು ಸಿಗುತ್ತಾರೆ. ಲಕ್ಷ ಹೆಂಗಸರ ಕೂಲಿಯನ್ನು ತೀರ್ಮಾನಿಸುವ ಒಂದು ಸುತ್ತೋಲೆ ಬಂದರೆ ಒಬ್ಬನೂ ಸಿಗುವುದಿಲ್ಲ. ಅದರ ಭಾಷೆ ಒಣಕಲು, ಅದರಲ್ಲಿ ರಸ ಇಲ್ಲ ಅಂತ ನಮ್ಮ ರಸಿಕರು ಮೂಗು ಮುರಿಯುತ್ತಾರೆ. ರಸ ಇಲ್ಲದೆ ಇರಬಹುದು, ರಕ್ತ ಇದೆ. ಅದನ್ನು ಓದುವುದು ಹೇಗೆ ಅಂತ ನಾವು ಕಲಿಯಬೇಕು.

ಆ ಸಾಹಿತ್ಯದಿಂದ ಒಂದೇ ಒಂದು ಶಬ್ದ ಎತ್ತಿಕೊಂಡು ಇಲ್ಲಿ ನೋಡುತ್ತೇನೆ: ‘ಅರೆಕಾಲಿಕ’.

‘ಅರೆ’ ಅನ್ನುವುದು ನಮಗೆ ಹೊಸ ಶಬ್ದವಲ್ಲ. ಅರೆಹೊಟ್ಟೆ ಗೊತ್ತು, ಅರೆಬೆತ್ತಲೆ ಗೊತ್ತು. ಕನ್ನಡದಲ್ಲಿ ಈ ‘ಅರೆ’ ಎಲ್ಲೆಲ್ಲಿ ಬರುತ್ತದೋ ಅಲ್ಲೆಲ್ಲ ಕೇರಿಯ ವಾಸನೆ ಬರುತ್ತದೆ. ಈಗ ಅರೆಕಾಲಿಕ. ಅರ್ಧ ಹೊತ್ತಿನ ಕೆಲಸಗಾರ, ಅರ್ಧ ಹೊತ್ತಿನ ಕೆಲಸಗಾರ್ತಿ. ಆದರೆ ಅರ್ಧ ಅನ್ನಬೇಕಾದರೆ ಮೊದಲು ಪೂರ್ತಿ ಯಾವುದು ಅಂತ ಗೊತ್ತಿರಬೇಕು. ಯಾರ ದಿನವನ್ನು ಪೂರ್ತಿ ಅಂತ ಇಟ್ಟುಕೊಂಡು ಈಕೆಯ ದಿನವನ್ನು ಅರ್ಧ ಅಂದರು? ಪ್ರಶ್ನೆ ಇಷ್ಟೇ. ಈ ಪ್ರಶ್ನೆಯ ಉತ್ತರ ಓಟಿ ಲೆಕ್ಕದಲ್ಲಿ ಹೊರಬೀಳುತ್ತದೆ.

ಓಟಿ ಅಂದರೆ ಏನು ಅಂತ ಕಾರ್ಖಾನೆ ಇರುವ ಊರಿನ ಹುಡುಗರಿಗೆ ಹೇಳಿಕೊಡಬೇಕಾಗಿಲ್ಲ. ಗೊತ್ತಾದ ಹೊತ್ತಿಗಿಂತ ಹೆಚ್ಚು ದುಡಿದರೆ ಆ ಹೆಚ್ಚಿನ ಗಂಟೆಗೆ ಎರಡು ಪಟ್ಟು ಕೂಲಿ. ಇದು ಮಾಲೀಕರ ಮನಸ್ಸು ಕರಗಿ ಬಂದ ದಾನವಲ್ಲ. 1946ರಲ್ಲಿ ಬಾಬಾಸಾಹೇಬ ಅಂಬೇಡ್ಕರ್ ವೈಸರಾಯ್ ಕಾರ್ಯಕಾರಿ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದಾಗ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದರು. ವರ್ಷಪೂರ್ತಿ ನಡೆಯುವ ಕಾರ್ಖಾನೆಗಳಲ್ಲಿ ವಾರಕ್ಕೆ 54 ಗಂಟೆ ಇದ್ದ ದುಡಿಮೆ 48 ಗಂಟೆಗೆ ಇಳಿಯಿತು. ಅದಕ್ಕಿಂತ ಹೆಚ್ಚು ದುಡಿಸಿಕೊಂಡರೆ ಎರಡು ಪಟ್ಟು ಅಂತಾಯಿತು. 1948ರ ಕಾರ್ಖಾನೆ ಕಾಯ್ದೆ ಇದನ್ನೇ ಗಟ್ಟಿ ಮಾಡಿತು: ದಿನಕ್ಕೆ 9 ಗಂಟೆ ಅಥವಾ ವಾರಕ್ಕೆ 48 ಗಂಟೆ ಮೀರಿದರೆ ಎರಡು ಪಟ್ಟು. 2025ರ ನವೆಂಬರ್ 21ರಿಂದ ಆ ಹಳೇ ಕಾಯ್ದೆಯ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಬಂದವು. ಎರಡು ಪಟ್ಟು ಅನ್ನುವುದು ಅಲ್ಲೂ ಉಳಿಯಿತು. ಅದು ಶುರುವಾಗುವ ಗಡಿ ಪೂರ್ತಿ ದಿನದ ಗಡಿಯಾಗಿಯೇ ಉಳಿಯಿತು.

ಗಡಿ ಎಲ್ಲಿದೆ ನೋಡಿ. ಪೂರ್ತಿ ದಿನ ಮುಗಿದ ಮೇಲೆ. ದಿನಕ್ಕೆ 4 ಗಂಟೆ ಅಂತ ಒಪ್ಪಿಕೊಂಡು ಬಂದ ಒಬ್ಬಾಕೆಯನ್ನು 6 ಗಂಟೆ ನಿಲ್ಲಿಸಿಕೊಂಡರೆ ಆ ಎರಡು ಗಂಟೆ ಓಟಿ ಅಲ್ಲ. ಅವಳು ಇನ್ನೂ ‘ಪೂರ್ತಿ’ ಮುಟ್ಟಿಲ್ಲ. ಅವಳ ಐದನೇ ಗಂಟೆ ಕಾನೂನಿನ ಕಣ್ಣಿಗೆ ಮಾಮೂಲಿ ಗಂಟೆ.

ಇದರಿಂದ ಮಾಲೀಕನಿಗೆ ಏನು ಲಾಭ ಅಂತ ಸಣ್ಣ ಲೆಕ್ಕ ಹಾಕೋಣ. ಗಂಟೆಗೆ 60 ರೂಪಾಯಿ ಕೂಲಿ ಅಂತ ಹಿಡಿಯೋಣ. ಒಂದು ದಿನಕ್ಕೆ 12 ಗಂಟೆಯ ಕೆಲಸ ಇದೆ. 8 ಗಂಟೆಯ ಒಬ್ಬ ಕಾಯಂ ಕೆಲಸಗಾರನಿಂದ ಮಾಡಿಸಿದರೆ ಮೊದಲ 8 ಗಂಟೆಗೆ 480, ಉಳಿದ 4 ಗಂಟೆಗೆ ಎರಡು ಪಟ್ಟಿನಂತೆ 480, ಒಟ್ಟು 960 ರೂಪಾಯಿ. ಅದೇ ಕೆಲಸಕ್ಕೆ ನಾಲ್ಕು ನಾಲ್ಕು ಗಂಟೆಯ ಇಬ್ಬರು ಹೆಂಗಸರನ್ನು ಇಟ್ಟುಕೊಂಡು ಇಬ್ಬರನ್ನೂ ಆರು ಆರು ಗಂಟೆ ನಿಲ್ಲಿಸಿಕೊಂಡರೆ ಒಟ್ಟು 720 ರೂಪಾಯಿ. ಎರಡೂ ಕಡೆ ಮಾತಿಗೆ ಮೀರಿದ ದುಡಿಮೆ ನಾಲ್ಕೇ ಗಂಟೆ. ಒಂದು ಕಡೆ ಅದರ ಬೆಲೆ 480, ಇನ್ನೊಂದು ಕಡೆ 240. ಹಾಗಿದ್ದ ಮೇಲೆ ಯಾವ ಮಾಲೀಕ ತಾನೆ ಒಂದು ಪೂರ್ತಿ ಕೆಲಸ ಕೊಟ್ಟಾನು? ಪೂರ್ತಿಯನ್ನು ಎರಡು ಅರ್ಧ ಮಾಡಿ, ಎರಡೂ ಅರ್ಧಗಳನ್ನು ಎಳೆಯುತ್ತಾನೆ. ಅರೆಕಾಲಿಕ ಅನ್ನುವುದು ಕೆಲಸಗಾರ್ತಿಯ ಅನುಕೂಲಕ್ಕೆ ಹುಟ್ಟಿದ ಶಬ್ದ ಅನ್ನುವವರು ಈ ಲೆಕ್ಕಕ್ಕೆ ಉತ್ತರ ಹೇಳಲಿ.

ಇದೇ ಪ್ರಶ್ನೆ ಇಟ್ಟುಕೊಂಡು ಯುರೋಪಿನಲ್ಲಿ ಮೂವತ್ತು ವರ್ಷ ಜಗಳ ನಡೆದಿದೆ. ಆ ಜಗಳದ ವಾದಗಳನ್ನು ತಿಳಿದುಕೊಂಡರೆ ನಮ್ಮ ಕೈಗೂ ಒಂದು ಆಯುಧ ಸಿಗುತ್ತದೆ. ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಜರ್ಮನಿಯ ಅರೆಕಾಲಿಕ ಹೆಂಗಸರು ಕೆಲವರು ಕೋರ್ಟಿಗೆ ಹೋದರು. ನಮ್ಮ ಒಪ್ಪಂದದ ಗಂಟೆ ಮುಗಿದ ಮೇಲೆ ದುಡಿಸಿಕೊಂಡರೆ ನಮಗೂ ಹೆಚ್ಚುವರಿ ದರ ಕೊಡಿ ಅಂತ ಅವರ ಬೇಡಿಕೆ. 1994ರ ಡಿಸೆಂಬರ್ 15ರಂದು ಯುರೋಪಿಯನ್ ನ್ಯಾಯಾಲಯ ಇಲ್ಲ ಅಂತ ತೀರ್ಪು ಕೊಟ್ಟಿತು. ಅದರ ತರ್ಕ ಕೇಳುವುದಕ್ಕೆ ಬಹಳ ನೀಟಾಗಿದೆ. 18 ಗಂಟೆಗೆ ಒಪ್ಪಿಕೊಂಡವಳು 19ನೇ ಗಂಟೆ ದುಡಿದರೆ ಅವಳಿಗೆ 19 ಗಂಟೆಯ ಕೂಲಿ ಸಿಗುತ್ತದೆ. ಪೂರ್ತಿ ಹೊತ್ತಿನವನು 19 ಗಂಟೆ ದುಡಿದರೂ ಅವನಿಗೆ ಸಿಗುವುದು ಅಷ್ಟೇ. ಒಂದೇ ಗಂಟೆ, ಒಂದೇ ಕೂಲಿ. ಇದರಲ್ಲಿ ತಾರತಮ್ಯ ಎಲ್ಲಿ ಬಂತು?

ಈ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಸಮಾನತೆಯ ಭಾಷೆಯಲ್ಲೇ ಅದು ಮಾತಾಡುತ್ತದೆ. ನಮ್ಮ ಸಂಘಟನೆಗಳಲ್ಲೂ ಒಬ್ಬ ಕಾಯಂ ಕೆಲಸಗಾರ ಎದ್ದು ನಿಂತು, ‘ನನ್ನ ಐದನೇ ಗಂಟೆಗೆ ಮಾಮೂಲಿ ಕೂಲಿ, ಅವಳ ಐದನೇ ಗಂಟೆಗೆ ಎರಡು ಪಟ್ಟಾ? ಇದ್ಯಾವ ನ್ಯಾಯ ಸ್ವಾಮಿ?’ ಅಂತ ಕೇಳಿದರೆ ಎಷ್ಟು ಜನ ಮುಖಂಡರಿಗೆ ಉತ್ತರ ಗೊತ್ತಿದೆ?

ಉತ್ತರ ಬರುವುದಕ್ಕೆ ಸುಮಾರು ಮೂವತ್ತು ವರ್ಷ ಹಿಡಿಯಿತು. 2023ರ ಅಕ್ಟೋಬರ್‌ನಲ್ಲಿ ಅರೆಕಾಲಿಕ ವಿಮಾನ ಚಾಲಕನೊಬ್ಬನ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ ಬೇರೆ ದಾರಿ ಹಿಡಿಯಿತು. 2024ರ ಜುಲೈ 29ರ ತೀರ್ಪಿನಲ್ಲಿ ಇನ್ನೂ ಸ್ಪಷ್ಟವಾಗಿ ಮಾತಾಡಿತು. ಈ ಎರಡನೆಯದು ಡಯಾಲಿಸಿಸ್ ಮಾಡುವ ಜರ್ಮನಿಯ ಒಂದು ದೊಡ್ಡ ಸಂಸ್ಥೆಯ ಮೊಕದ್ದಮೆ. ರೋಗಿಗಳ ಆರೈಕೆ ಮಾಡುವ ಇಬ್ಬರು ಹೆಂಗಸರು. ಒಬ್ಬಾಕೆ ಪೂರ್ತಿ ಹೊತ್ತಿನ ಶೇಕಡಾ 40ರಷ್ಟು, ಇನ್ನೊಬ್ಬಾಕೆ ಶೇಕಡಾ 80ರಷ್ಟು ಗಂಟೆಗೆ ನೇಮಕವಾದವರು. ಹೆಚ್ಚುವರಿ ಗಂಟೆಗೆ ಶೇಕಡಾ 30ರಷ್ಟು ಮೇಲುಕೂಲಿ ಅಂತ ಅಲ್ಲಿನ ಒಪ್ಪಂದ. ಆದರೆ ಪೂರ್ತಿ ಹೊತ್ತಿನವರ ಗಂಟೆ ದಾಟಿದ ಮೇಲೆ ಮಾತ್ರ. ಶೇಕಡಾ 40ರ ಹೆಂಗಸು ತನ್ನ ದುಡಿಮೆಯ ಎರಡೂವರೆ ಪಟ್ಟು ದುಡಿದರೂ ಮೇಲುಕೂಲಿಯ ಹೊಸಿಲಿಗೆ ಬಂದು ನಿಲ್ಲುತ್ತಾಳೆ, ಒಳಗೆ ಹೋಗುವುದಿಲ್ಲ.

ನ್ಯಾಯಾಲಯ ಈಗ ಅದು ತಾರತಮ್ಯ ಅಂದಿತು. ಕೊಟ್ಟ ಕಾರಣಗಳಲ್ಲಿ ಎರಡು ನಮಗೆ ಮುಖ್ಯ. ಮೊದಲನೆಯದು: ಮೇಲುಕೂಲಿ ಇಟ್ಟಿರುವುದೇ ಮಾಲೀಕ ಹೆಚ್ಚು ದುಡಿಸದಿರಲಿ ಅಂತ. ಅರೆಕಾಲಿಕರಿಗೆ ಅದನ್ನು ಕೊಡದಿದ್ದರೆ ಪರಿಣಾಮ ಉಲ್ಟಾ ಆಗುತ್ತದೆ. ಕಾಯಂ ಕೆಲಸಗಾರನನ್ನು ಬಿಟ್ಟು ಇವರನ್ನೇ ಹೆಚ್ಚು ದುಡಿಸುವುದಕ್ಕೆ ಮಾಲೀಕನಿಗೆ ಆಸೆ ಹುಟ್ಟುತ್ತದೆ. ಮೇಲೆ ನಾವು ಹಾಕಿದ 480 ಮತ್ತು 240ರ ಲೆಕ್ಕ ಇದೇ ತಾನೆ? ಎರಡನೆಯದು: ಅಲ್ಲಿನ ಅರೆಕಾಲಿಕರಲ್ಲಿ ನೂರಕ್ಕೆ 84ಕ್ಕೂ ಹೆಚ್ಚು ಜನ ಹೆಂಗಸರು. ಪೂರ್ತಿ ಹೊತ್ತಿನವರಲ್ಲೂ ಹೆಂಗಸರೇ ಹೆಚ್ಚಿದ್ದಾರಲ್ಲ, ಇದು ಹೆಂಗಸರ ಮೇಲಿನ ತಾರತಮ್ಯ ಹೇಗಾಯಿತು ಅನ್ನುವ ಪ್ರಶ್ನೆ ಎದ್ದಿತ್ತು. ಆ ಕಡೆ ಗಂಡಸರೇ ಹೆಚ್ಚಿರಬೇಕು ಅಂತೇನಿಲ್ಲ, ಪೆಟ್ಟು ಹೆಚ್ಚಾಗಿ ಯಾರಿಗೆ ಬೀಳುತ್ತಿದೆ ಅನ್ನುವುದೇ ಲೆಕ್ಕ ಅಂತ ನ್ಯಾಯಾಲಯ ಹೇಳಿತು. ಆಮೇಲೆ 2024ರ ಡಿಸೆಂಬರ್ 5ರಂದು ಜರ್ಮನಿಯ ಕೇಂದ್ರ ಕಾರ್ಮಿಕ ನ್ಯಾಯಾಲಯ ಆ ಪೈಕಿ ಒಬ್ಬಾಕೆಗೆ ಬರಬೇಕಾದ ಹೊತ್ತನ್ನು ಜಮೆ ಮಾಡಿಸಿ, ತಾರತಮ್ಯಕ್ಕೆ ಪರಿಹಾರವಾಗಿ 250 ಯೂರೋ ಕೊಡಿಸಿತು. ದುಡ್ಡು ದೊಡ್ಡದಲ್ಲ. ಮಾತು ದೊಡ್ಡದು.

ನ್ಯಾಯಾಲಯ ಕಾನೂನಿನ ಭಾಷೆಯಲ್ಲಿ ಹೇಳಿದ್ದನ್ನು ನಾನು ನಮ್ಮ ಭಾಷೆಯಲ್ಲಿ ಹೀಗೆ ಓದಿಕೊಳ್ಳುತ್ತೇನೆ. ಓಟಿಗೆ ಎರಡು ಕಾರಣಗಳಿವೆ. ಒಂದು, ಮೈ ಮುರಿದದ್ದಕ್ಕೆ ಕೊಡುವ ಬೆಲೆ. ಇನ್ನೊಂದು, ಮಾತು ಮುರಿದದ್ದಕ್ಕೆ ಕೊಡುವ ಬೆಲೆ. ಎಂಟು ಗಂಟೆ ದುಡಿದ ಮೈಯನ್ನು ಒಂಬತ್ತನೇ ಗಂಟೆಗೆ ಎಳೆದಾಗ ಮೈ ಮುರಿಯುತ್ತದೆ. ನಾಲ್ಕು ಗಂಟೆಗೆ ಬಿಡುತ್ತೇನೆ ಅಂದು ಐದನೇ ಗಂಟೆಗೆ ಹಿಡಿದುಕೊಂಡಾಗ ಮಾತು ಮುರಿಯುತ್ತದೆ. ಪೂರ್ತಿ ಹೊತ್ತಿನವನ ಐದನೇ ಗಂಟೆ ಅವನು ಬೆಳಿಗ್ಗೆಯೇ ಮಾರಿದ ಗಂಟೆ. ಅರೆಕಾಲಿಕಳ ಐದನೇ ಗಂಟೆ ಅವಳು ಮಾರದೆ ಉಳಿಸಿಕೊಂಡ ಗಂಟೆ. ಆ ಗಂಟೆ ಖಾಲಿ ಕೂತಿರುವುದಿಲ್ಲ. ಇನ್ನೊಂದು ಮನೆಯ ಮುಸುರೆಗೆ ಅದನ್ನು ಕೊಟ್ಟಿರುತ್ತಾಳೆ, ಯಾರದೋ ಹೊಲದ ಕಳೆಗೆ ಕೊಟ್ಟಿರುತ್ತಾಳೆ, ಮೊಲೆ ಕುಡಿಯುವ ಕೂಸಿಗೆ ಕೊಟ್ಟಿರುತ್ತಾಳೆ. ಮಾರದ ವಸ್ತುವನ್ನು ಕಿತ್ತುಕೊಂಡು ಮಾರಿದ ವಸ್ತುವಿನ ಬೆಲೆ ಕೊಡುವುದು ಸಮಾನತೆಯಲ್ಲ. ಕಾಯಂ ಕೆಲಸಗಾರನಿಗೆ ಕೊಡಬೇಕಾದ ಉತ್ತರ ಇದು: ಅಣ್ಣಾ, ನಿನಗೆ ಕೊಟ್ಟ ಮಾತು ಮುರಿದಾಗ ನಿನಗೆ ಬೆಲೆ ಸಿಗುತ್ತದೆ. ಅವಳಿಗೆ ಕೊಟ್ಟ ಮಾತು ಮುರಿದಾಗ ಅವಳಿಗೂ ಸಿಗಲಿ. ಇಬ್ಬರಿಗೂ ಇರುವುದು ಒಂದೇ ನಿಯಮ. ಅವಳ ಐದನೇ ಗಂಟೆ ಅಗ್ಗವಾಗಿ ಇರುವತನಕ ನಿನ್ನ ಕೆಲಸವನ್ನೂ ಎರಡು ತುಂಡು ಮಾಡುವ ಕತ್ತಿ ಮಾಲೀಕನ ಕೈಯಲ್ಲೇ ಇರುತ್ತದೆ.

ಜರ್ಮನಿಯ ಆ ಹೆಂಗಸರ ಕೈಯಲ್ಲಿ ಒಂದು ಕಾಗದವಿತ್ತು. ಅದರಲ್ಲಿ ಒಂದು ಸಂಖ್ಯೆ ಇತ್ತು. ನನ್ನ ಗಂಟೆ ಇಷ್ಟು, ನೀನು ದುಡಿಸಿಕೊಂಡದ್ದು ಇಷ್ಟು ಅಂತ ಕಳೆದು ತೋರಿಸುವುದಕ್ಕೆ ಆಯಿತು. ಈಗ ನಮ್ಮ ಊರಿನ ಸರ್ಕಾರಿ ಶಾಲೆಯ ಅಡುಗೆ ಕೋಣೆಗೆ ಬನ್ನಿ. ಅಲ್ಲಿ ಕಳೆಯುವುದಕ್ಕೆ ಸಂಖ್ಯೆಯೇ ಇಲ್ಲ.

ಕರ್ನಾಟಕದಲ್ಲಿ 2002ರಲ್ಲಿ ಶುರುವಾದ ಬಿಸಿಯೂಟಕ್ಕೆ ‘ಅಕ್ಷರ ದಾಸೋಹ’ ಅಂತ ಹೆಸರಿಟ್ಟರು. ಲಕ್ಷಕ್ಕೂ ಮೀರಿದ ಹೆಂಗಸರು ಅದರ ಒಲೆ ಹಚ್ಚುತ್ತಾರೆ. 2009ರಲ್ಲಿ ಕೇಂದ್ರ ಸರ್ಕಾರ ಇವರಿಗೆ ತಿಂಗಳಿಗೆ 1,000 ರೂಪಾಯಿ ಅಂತ ಗೊತ್ತು ಮಾಡಿತು, ಅದೂ ವರ್ಷಕ್ಕೆ 10 ತಿಂಗಳು. ಹತ್ತು ವರ್ಷ ಕಳೆದರೂ ಆ ಸಂಖ್ಯೆ ಕದಲಲಿಲ್ಲ. ರಾಜ್ಯ ಸರ್ಕಾರ ತನ್ನ ಕೈಯಿಂದ ಅದರ ಮೇಲೆ ಹಾಕಿದ್ದು ಹೆಂಗಸರು ಬೀದಿಗಿಳಿದು ಕೂತಾಗ ಕೂತಾಗ ಅಷ್ಟಿಷ್ಟು ಏರಿದೆ. ಇವರು ಯಾರು ಅಂತ ಸಂಸತ್ತಿನಲ್ಲಿ ಕೇಳಿದಾಗಲೆಲ್ಲ ಸರ್ಕಾರದ ಉತ್ತರ ಒಂದೇ: ಇವರು ಸಮಾಜಸೇವೆ ಮಾಡಲು ತಾವಾಗಿ ಮುಂದೆ ಬಂದ ಗೌರವ ಕಾರ್ಯಕರ್ತೆಯರು. ಆದ್ದರಿಂದ ಕೊಡುವುದು ಕೂಲಿ ಅಲ್ಲ, ಸಂಬಳ ಅಲ್ಲ, ‘ಗೌರವಧನ’.

ಈ ಶಬ್ದದ ಹತ್ತಿರ ಸ್ವಲ್ಪ ನಿಲ್ಲಿ. ಸಾವಿರಾರು ವರ್ಷ ನಮ್ಮ ಜನಕ್ಕೆ ಗೌರವ ಕೊಡದ ಸಮಾಜ, ಕೂಲಿ ಕೊಡಬೇಕಾದ ಜಾಗದಲ್ಲಿ ಮಾತ್ರ ಧಾರಾಳವಾಗಿ ಗೌರವ ಕೊಡುತ್ತದೆ. ಕೂಲಿ ಅಂದರೆ ಗಂಟೆ ಕೇಳಬಹುದು, ದರ ಕೇಳಬಹುದು, ಓಟಿ ಕೇಳಬಹುದು. ಗೌರವಕ್ಕೆ ಗಂಟೆ ಉಂಟೇ? ಗೌರವಕ್ಕೆ ಎರಡು ಪಟ್ಟು ಉಂಟೇ? ಒಂದು ಶಬ್ದದಿಂದ ಇಡೀ ಕಾರ್ಮಿಕ ಕಾನೂನನ್ನು ಬಾಗಿಲ ಹೊರಗೆ ನಿಲ್ಲಿಸಿದರು. ಊರಿನ ಬಾವಿಯ ಹತ್ತಿರ ನಮ್ಮನ್ನು ನಿಲ್ಲಿಸುತ್ತಿದ್ದ ಹಾಗೆ.

ಕಡತದ ಭಾಷೆಯಲ್ಲಿ ಅಡುಗೆ ಅರ್ಧ ದಿನದ ಕೆಲಸ. ಆದರೆ ಆ ಅರ್ಧ ದಿನ ಬೆಳೆಯುತ್ತಾ ಬಂದ ಬಗೆ ನೋಡಿ. ಮೊದಲು ಮಧ್ಯಾಹ್ನದ ಅನ್ನ ಸಾರು. 2013ರ ಆಗಸ್ಟಿನಲ್ಲಿ ಕ್ಷೀರಭಾಗ್ಯ ಬಂತು. ಬೆಳಿಗ್ಗೆಯೇ ಬಂದು ನೀರು ಕಾಯಿಸಿ, ಹಾಲಿನ ಪುಡಿ ಕಲಸಿ, ಮಕ್ಕಳಿಗೆ ಕೊಟ್ಟು, ಲೋಟ ತೊಳೆಯಬೇಕು. 2024ರಲ್ಲಿ ರಾಗಿ ಮಾಲ್ಟ್ ಸೇರಿತು. ಮೊಟ್ಟೆ ಬಂತು, ಅದೇ 2024ರಲ್ಲಿ ಅಜೀಂ ಪ್ರೇಂಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ 6 ದಿನ ಆಯಿತು. ಇನ್ನೂರು ಮಕ್ಕಳ ಶಾಲೆ ಅಂದರೆ ಇನ್ನೂರು ಮೊಟ್ಟೆ ಬೇಯಿಸಿ ಸುಲಿಯಬೇಕು. ಸುಲಿದದ್ದಕ್ಕೆ ಪೈಸೆ ಲೆಕ್ಕ ಸೇರಿಸಿದರು, ಗಂಟೆಯ ಲೆಕ್ಕ ಸೇರಿಸಲಿಲ್ಲ. ಆಮೇಲೆ ಅಕ್ಕಿ ಆರಿಸುವುದು, ತರಕಾರಿ ಹೆಚ್ಚುವುದು, ಬಡಿಸುವುದು, ದೊಡ್ಡ ದೊಡ್ಡ ಪಾತ್ರೆ ತಿಕ್ಕುವುದು, ಕೋಣೆ ಗುಡಿಸಿ ಬೀಗ ಹಾಕುವುದು ಇದ್ದೇ ಇದೆ.

ತಪ್ಪು ತಿಳಿಯಬೇಡಿ. ಹಾಲು ಬೇಕು, ಮಾಲ್ಟ್ ಬೇಕು, ಮೊಟ್ಟೆ ಬೇಕೇ ಬೇಕು. ಮೊಟ್ಟೆ ಬೇಡ ಅನ್ನುವ ಮಠದವರ ಜೊತೆ ನಮಗೆ ಬೇರೆ ಜಗಳವೇ ಇದೆ. ಅದು ನಮ್ಮ ಮಕ್ಕಳ ಹೊಟ್ಟೆಗೆ ಬೀಳುವ ಅನ್ನ. ನಾನು ಹೇಳುವುದು ಇಷ್ಟೇ: ಪ್ರತಿಯೊಂದು ಯೋಜನೆ ಬಂದಾಗಲೂ ಹಾಲಿನ ಪುಡಿಗೆ ಲೆಕ್ಕ ಬರೆದರು, ರಾಗಿ ಹಿಟ್ಟಿಗೆ ಬರೆದರು, ಗ್ಯಾಸಿಗೆ ಬರೆದರು, ಮೊಟ್ಟೆಗೆ ಬರೆದರು. ಆಕೆಯ ಗಂಟೆಗೆ ಬರೆಯಲಿಲ್ಲ. ಉದ್ಘಾಟನೆಗೆ ಬಂದವರ ಫೋಟೋ ಪೇಪರಿನಲ್ಲಿ ಬಂತು. ಮಕ್ಕಳಿಗೆ ಭಾಗ್ಯ ಕೊಟ್ಟವರು ಅವರಲ್ಲ, ಲೆಕ್ಕಕ್ಕೆ ಸಿಗದ ತನ್ನ ಐದನೇ ಗಂಟೆ ಆರನೇ ಗಂಟೆ ಕೊಟ್ಟ ಈ ಹೆಂಗಸು. ಶರಣರ ಮಾತಿನಲ್ಲಿ ದಾಸೋಹ ಅಂದರೆ ತಾನು ದುಡಿದದ್ದನ್ನು ತಾನೇ ಹಂಚುವುದು. ಹಾಗೆ ನೋಡಿದರೆ ಈ ಯೋಜನೆಯಲ್ಲಿ ದಾಸೋಹ ಮಾಡುತ್ತಿರುವವಳು ಆಕೆ ಒಬ್ಬಳೇ. ಸರ್ಕಾರ ಆ ಹೆಸರನ್ನು ಫಲಕಕ್ಕೆ ಬರೆದುಕೊಂಡಿದೆ.

ಗಂಟೆ ಬರೆಯದೆ ದುಡಿಸುವ ಈ ವಿದ್ಯೆ ಹೊಸದೇನಲ್ಲ. ನಮ್ಮ ಹಳ್ಳಿಗಳಲ್ಲಿ ತೋಟಿ ಇದ್ದ, ತಳವಾರ ಇದ್ದ, ನೀರಗಂಟಿ ಇದ್ದ. ತುಂಡು ಇನಾಂ ಜಮೀನು, ಸುಗ್ಗಿಯಲ್ಲಿ ಒಂದಿಷ್ಟು ಆಯ. ಇಷ್ಟಕ್ಕೆ ಎಷ್ಟು ಹೊತ್ತಿನ ಕೆಲಸ ಅಂತ ಯಾರೂ ಹೇಳಿರಲಿಲ್ಲ. ಹೇಳದೆ ಇದ್ದುದರಿಂದ ಹಗಲು ಅವನದಲ್ಲ, ರಾತ್ರಿ ಅವನದಲ್ಲ. ಬಾಬಾಸಾಹೇಬರು 1928ರಲ್ಲಿ ಬಾಂಬೆ ಶಾಸನ ಪರಿಷತ್ತಿನಲ್ಲಿ ವತನ್ ಕಾಯ್ದೆಯ ತಿದ್ದುಪಡಿಗೆ ಮಸೂದೆ ತಂದದ್ದು ಮಹಾರರ ಈ ಕೊನೆಯಿಲ್ಲದ ಚಾಕರಿಯ ವಿರುದ್ಧ. ಆಗ ಬೆಳಗಾವಿ, ಧಾರವಾಡ, ಬಿಜಾಪುರಗಳೂ ಅದೇ ಆಡಳಿತದಲ್ಲಿದ್ದವು. ಮೈಸೂರು ರಾಜ್ಯದಲ್ಲಿ ಗ್ರಾಮಾಧಿಕಾರಗಳನ್ನು ರದ್ದು ಮಾಡುವ ಕಾಯ್ದೆ ಬಂದದ್ದು 1961ರಲ್ಲಿ. ಹುದ್ದೆ ರದ್ದಾಯಿತು, ಅದರ ತರ್ಕ ರದ್ದಾಗಲಿಲ್ಲ. ಬಿಟ್ಟಿಚಾಕರಿಯ ಗುಟ್ಟು ಇರುವುದು ಕೂಲಿ ಕೊಡದೆ ಇರುವುದರಲ್ಲಿ ಮಾತ್ರ ಅಲ್ಲ, ಹೊತ್ತು ಗೊತ್ತು ಮಾಡದೆ ಇರುವುದರಲ್ಲೂ ಇದೆ.

ಅಡುಗೆಯವರಲ್ಲಿ ಎಲ್ಲ ಜಾತಿಯವರೂ ಇದ್ದಾರಲ್ಲ, ಇದರಲ್ಲಿ ಜಾತಿ ಯಾಕೆ ತರ್ತೀರಿ ಅಂತ ಕೇಳುವವರಿದ್ದಾರೆ. ಆ ಡಯಾಲಿಸಿಸ್ ತೀರ್ಪಿನ ಎರಡನೇ ಕಾರಣವನ್ನು ಅವರು ಇನ್ನೊಮ್ಮೆ ಓದಲಿ. ಪಟ್ಟಿಯಲ್ಲಿ ಯಾರ್ಯಾರಿದ್ದಾರೆ ಅನ್ನುವುದಕ್ಕೆ ಪ್ರಶ್ನೆ ಮುಗಿಯುವುದಿಲ್ಲ, ಪೆಟ್ಟು ಯಾರಿಗೆ ಹೆಚ್ಚು ಬೀಳುತ್ತದೆ ಅನ್ನುವುದು ಪ್ರಶ್ನೆ. ಒಂದೆರಡು ಎಕರೆ ಹೊಲ ಇರುವವಳ ಐದನೇ ಗಂಟೆ ಹೋದರೆ ಮನೆಯಲ್ಲಿ ಇನ್ನೊಬ್ಬರು ಅದನ್ನು ತುಂಬುತ್ತಾರೆ. ಕೂಲಿಯನ್ನೇ ನಂಬಿದವಳ ಐದನೇ ಗಂಟೆ ಹೋದರೆ ಸಂಜೆಯ ಒಲೆ ಹೋಯಿತು.

ಅರೆಕಾಲಿಕ ಕೆಲಸಕ್ಕೆ ಗಂಟೆಯ ಲೆಕ್ಕ ಇಡುವುದು ಕಷ್ಟ ಅನ್ನುತ್ತಾರೆ. ಸುಳ್ಳು. ಬ್ಯಾಂಕುಗಳಲ್ಲಿ ಕಸ ಗುಡಿಸುವ ಅರೆಕಾಲಿಕರಿಗೆ, ಸಂಘಗಳ ಜೊತೆ ಮಾಡಿಕೊಂಡ ಒಪ್ಪಂದದ ಪ್ರಕಾರ, ಒಂದು ಅಳತೆ ಇದೆ. ವಾರಕ್ಕೆ 6ರಿಂದ 13 ಗಂಟೆ ದುಡಿದರೆ ಶ್ರೇಣಿ ಸಂಬಳದ ಮೂರನೇ ಒಂದು ಪಾಲು, 19ರವರೆಗೆ ಅರ್ಧ, 29ರವರೆಗೆ ಮುಕ್ಕಾಲು, 29 ದಾಟಿದರೆ ಪೂರ್ತಿ. ಈ ಅಳತೆ ಎಲ್ಲ ಕಡೆ ಸರಿಯಾಗಿ ಜಾರಿಯಲ್ಲಿದೆ ಅಂತ ನಾನು ವಾದಿಸುವುದಿಲ್ಲ. ಆದರೆ ಪೊರಕೆ ಹಿಡಿದವರು ಸಂಘ ಕಟ್ಟಿದ ಕಡೆ ಅಳತೆ ಹುಟ್ಟಿತು ಅನ್ನುವುದನ್ನು ಗಮನಿಸಿ. ಈಗ ಇದೇ ಅಳತೆಯನ್ನು ಬಿಸಿಯೂಟದ ಕೋಣೆಗೆ ತನ್ನಿ. ಐದು ದಿನ ಆರಾರು ಗಂಟೆ, ಶನಿವಾರ ಮೂರು ಗಂಟೆ ಅಂತ ಹಿಡಿದರೂ ವಾರಕ್ಕೆ 33 ಗಂಟೆ. ಬ್ಯಾಂಕಿನ ಲೆಕ್ಕದಲ್ಲಿ ಆಕೆ ಅರ್ಧವೂ ಅಲ್ಲ, ಮುಕ್ಕಾಲೂ ಅಲ್ಲ, ಪೂರ್ತಿ ಕೆಲಸಗಾರ್ತಿ. ಅರೆಕಾಲಿಕ ಅನ್ನುವ ಶಬ್ದ ಅಲ್ಲೇ ಬಿದ್ದುಹೋಗುತ್ತದೆ.

ಕೋರ್ಟುಗಳೂ ಆಗೀಗ ಈ ಶಬ್ದದ ಮುಸುಕು ಎಳೆದಿವೆ. ದಿಲ್ಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಮೊಕದ್ದಮೆಯಲ್ಲಿ 1982ರಲ್ಲಿ ಸುಪ್ರೀಂ ಕೋರ್ಟು, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದು ಬಲವಂತದ ದುಡಿಮೆ, ಅದು ಸಂವಿಧಾನದ 23ನೇ ವಿಧಿಗೆ ವಿರುದ್ಧ ಅಂದಿತು. ‘ಬೇಗಾರ್’ ಅನ್ನುವ ಶಬ್ದ ಇರುವುದು ಆ ವಿಧಿಯಲ್ಲೇ. ನಮ್ಮ ಭಾಷೆಯಲ್ಲಿ ಬಿಟ್ಟಿ. 2020ರ ಡಿಸೆಂಬರಿನಲ್ಲಿ ಅಲಹಾಬಾದ್ ಹೈಕೋರ್ಟು, ಬಿಸಿಯೂಟದ ಅಡುಗೆಯವಳಿಗೆ ತಿಂಗಳಿಗೆ 1,000 ರೂಪಾಯಿ ಕೊಡುವುದು ಇದೇ ವಿಧಿ ಬೇಡವೆಂದ ಬಲವಂತದ ದುಡಿಮೆ ಅಂತ ಹೇಳಿತು.

ಅಂಗನವಾಡಿಯ ಕತೆಯೂ ಹೀಗೇ. 1975ರಲ್ಲಿ ಈ ಯೋಜನೆ ಶುರುವಾದಾಗ ನಮ್ಮ ರಾಜ್ಯದಲ್ಲಿ ಮೊದಲು ಆರಿಸಿಕೊಂಡದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರವನ್ನು. 2006ರಲ್ಲಿ ಕರ್ನಾಟಕದಿಂದಲೇ ಹೋದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರಿ ನಾಗರಿಕ ಹುದ್ದೆಯಲ್ಲ ಅಂದಿತ್ತು. 2022ರ ಏಪ್ರಿಲ್ 25ರಂದು ಗುಜರಾತಿನ ಮೊಕದ್ದಮೆಯಲ್ಲಿ ಅದೇ ಕೋರ್ಟು, ಇವರಿಗೆ ಗ್ರಾಚ್ಯುಟಿ ಕೊಡಬೇಕು ಅಂದಿತು. ಇದು ಅರೆಕಾಲಿಕ ಕೆಲಸ ಅನ್ನುವ ವಾದವನ್ನು ಒಪ್ಪಲಿಲ್ಲ, ಪೂರ್ತಿ ಹೊತ್ತಿನ ಕೆಲಸ ಅಂದಿತು. ಆಗ ಅಲ್ಲಿ ಕಾರ್ಯಕರ್ತೆಗೆ ತಿಂಗಳಿಗೆ 7,800 ರೂಪಾಯಿ, ಸಹಾಯಕಿಗೆ 3,950 ರೂಪಾಯಿ. ಇವರನ್ನು ಕೆಲಸಗಾರರೆಂದು ಒಪ್ಪಿ ಕನಿಷ್ಠ ಕೂಲಿ ಕೊಡಿ ಅಂತ 2013ರಲ್ಲೇ 45ನೇ ಭಾರತೀಯ ಕಾರ್ಮಿಕ ಸಮ್ಮೇಳನ ಶಿಫಾರಸು ಮಾಡಿತ್ತು. ಶಿಫಾರಸುಗಳೂ ನಮ್ಮಲ್ಲಿ ಗೌರವ ಪಡೆದು ಕಪಾಟಿನಲ್ಲಿ ಕೂರುತ್ತವೆ.

ಇನ್ನು ಸಾಹಿತ್ಯದವರ ಕಡೆ ಒಂದು ಮಾತು. ನವ್ಯರಿಗೆ ಕಾಲ ಅಂದರೆ ಅಸ್ತಿತ್ವದ ಸಮಸ್ಯೆ. ಕಿಟಕಿಯ ಹತ್ತಿರ ಕೂತು ಕಾಲ ಹೋಗುತ್ತಿಲ್ಲವಲ್ಲ ಅಂತ ನರಳಿದರು. ಒಳಮನೆಯಲ್ಲಿ ಯಾರೋ ಅವರಿಗೆ ಅನ್ನ ಬೇಯಿಸುತ್ತಿದ್ದುದರಿಂದ ಕಾಲ ಅಷ್ಟೊಂದು ಉಳಿಯುತ್ತಿತ್ತು ಅನ್ನುವುದು ಅವರ ಕಾಲಪ್ರಜ್ಞೆಗೆ ಬರಲಿಲ್ಲ. ಬಂಡಾಯದ ಕಾವ್ಯ ಆ ಕಿಟಕಿ ಒಡೆಯಿತು, ಬೆವರನ್ನು ಕನ್ನಡಕ್ಕೆ ತಂದಿತು. ಅದು ಸಣ್ಣ ಕೆಲಸವಲ್ಲ. ಆದರೆ ಬೆವರು ಅನ್ನುವ ಶಬ್ದಕ್ಕೆ ಒಂದು ತೊಂದರೆ ಇದೆ. ಅದನ್ನು ಅಳೆಯುವುದಕ್ಕೆ ಆಗುವುದಿಲ್ಲ. ಅಳೆಯಲಾಗದ್ದನ್ನು ಹೊಗಳುವುದು ಎಲ್ಲರಿಗೂ ಸುಲಭ. ಗೌಡನೂ ಹೊಗಳುತ್ತಾನೆ, ಮಂತ್ರಿಯೂ ಹೊಗಳುತ್ತಾನೆ. ಅಡುಗೆ ಹೆಂಗಸರ ಸಮಾವೇಶದಲ್ಲಿ ನೀವು ಅನ್ನಪೂರ್ಣೆಯರು ತಾಯಂದಿರೇ ಅಂತ ಕೈಮುಗಿದು ಹೋಗುವ ಮಂತ್ರಿಗೆ ಬೆವರಿನ ಕವಿತೆಯಿಂದ ಯಾವ ಭಯವೂ ಇಲ್ಲ. ಅವನಿಗೆ ಭಯ ಇರುವುದು ಗಂಟೆ ಬರೆದಿಟ್ಟ ಚೀಟಿಯಿಂದ. ನಮ್ಮ ಕಾವ್ಯಕ್ಕೆ ಇನ್ನು ಮೇಲೆ ಬೆವರಿನ ಜೊತೆಗೆ ಗಂಟೆಯೂ ಬೇಕು. ಎಷ್ಟಕ್ಕೆ ಬಂದಳು, ಎಷ್ಟಕ್ಕೆ ಹೋದಳು ಅನ್ನುವುದೂ ಒಂದು ಕಾವ್ಯವಸ್ತು.

ಹಾಗಾದರೆ ನಾವು ಕೇಳಬೇಕಾದ್ದು ಏನು? ಒಂದು, ಅರೆಕಾಲಿಕ ಅಂತ ಕರೆಯುವವರು ಮೊದಲು ಕಾಗದದ ಮೇಲೆ ಗಂಟೆ ಬರೆಯಲಿ. ಗಂಟೆ ಬರೆಯದವರಿಗೆ ಅರ್ಧ ಅನ್ನುವ ಹಕ್ಕಿಲ್ಲ. ಎರಡು, ಬರೆದ ಗಂಟೆ ಮುಗಿದ ಕ್ಷಣದಿಂದ ಹೆಚ್ಚಿನ ದರ ಶುರುವಾಗಲಿ. ಪೂರ್ತಿ ಹೊತ್ತಿನವನ ಗಡಿಯಾರ ನೋಡಿ ಅವಳ ಗಂಟೆ ಅಳೆಯುವುದು ನಿಲ್ಲಲಿ. ಮೂರು, ವರ್ಷಗಟ್ಟಲೆ ಆರು ಗಂಟೆ ದುಡಿಸಿಕೊಂಡು ನಾಲ್ಕು ಗಂಟೆಯ ಹೆಸರು ಹೇಳುವ ಕಡೆ ಆ ಹುದ್ದೆಯನ್ನೇ ಪೂರ್ತಿ ಮಾಡಲಿ.

ಇದೆಲ್ಲ ಬೆಂಗಳೂರಿನಲ್ಲಿ ಆಗಬೇಕಾದ್ದು, ನಮ್ಮ ಕೈಯಲ್ಲಿ ಏನಿದೆ ಅನ್ನಬೇಡಿ. ಈ ಪತ್ರಿಕೆ ಓದುವವರಲ್ಲಿ ಹಳ್ಳಿಯ ಮೇಷ್ಟ್ರುಗಳಿದ್ದೀರಿ, ಮೇಡಂಗಳಿದ್ದೀರಿ. ಅಕ್ಕಿ ಎಷ್ಟು ಬಂತು, ಬೇಳೆ ಎಷ್ಟು ಖರ್ಚಾಯಿತು, ಇವತ್ತು ಎಷ್ಟು ಮಕ್ಕಳು ಉಂಡರು ಅಂತ ದಿನಾ ಬರೆಯುವ ರಿಜಿಸ್ಟರು ನಿಮ್ಮ ಮೇಜಿನ ಮೇಲೇ ಇದೆ. ಅದರ ಪಕ್ಕದಲ್ಲಿ ಒಂದು ನೋಟ್‌ಬುಕ್ಕು ಇಡಿ. ಎರಡು ಗೆರೆ ಎಳೆಯಿರಿ. ಅಡುಗೆಯವರು ಬಂದ ಹೊತ್ತು, ಹೋದ ಹೊತ್ತು. ಅವರ ಕೈಯಲ್ಲೇ ಬರೆಸಿ. ಬರೆಯಲು ಬಾರದವರ ಹೆಬ್ಬೆಟ್ಟು ಒತ್ತಿಸಿ. ಕಾಲೇಜು ಹುಡುಗರೇ, ಹುಡುಗಿಯರೇ, ರಜೆಗೆ ಊರಿಗೆ ಹೋದಾಗ ಆ ಲೆಕ್ಕ ಕೂಡಿಸಿಕೊಡಿ. ಒಂದು ಶಾಲೆಯ ಒಂದು ವರ್ಷದ ಲೆಕ್ಕ ಒಂದು ಅರ್ಜಿ ಆಗುತ್ತದೆ. ಒಂದು ತಾಲ್ಲೂಕಿನ ಲೆಕ್ಕ ಒಂದು ಮೊಕದ್ದಮೆ ಆಗುತ್ತದೆ. ಜರ್ಮನಿಯ ಆ ಇಬ್ಬರು ಹೆಂಗಸರ ಹತ್ತಿರ ಇದ್ದದ್ದೂ ಇಂಥದೇ ಒಂದು ಲೆಕ್ಕ.

ನಮ್ಮ ಹಿರಿಯರ ಹತ್ತಿರ ಆ ಪುಸ್ತಕ ಇರಲಿಲ್ಲ. ಬರೆಯುವುದಕ್ಕೆ ಅಕ್ಷರವೇ ಇರಲಿಲ್ಲ. ಈಗ ಅಕ್ಷರ ಬಂದಿದೆ. ಅದರಿಂದ ಮೊದಲು ಬರೆಯಬೇಕಾದ್ದು ಆ ಐದನೇ ಗಂಟೆಯನ್ನು.